ಸೋಡಿಯಂ ಲ್ಯಾಂಪಿಗೆ ವಯಸ್ಸಾದಾಗ ಕರೆಂಟ್ ಎಷ್ಟು ತಿನ್ನುತ್ತೆ, ಮನೆಯ ಸಬ್ ಮೀಟರಲ್ಲೇ ಕಂಡುಹಿಡಿಯೋದು ಹೇಗೆ

ದಾವಣಗೆರೆ ಹತ್ರ ಒಂದು ರೈಸ್ ಮಿಲ್ಲಿನ ಅಂಗಳದಲ್ಲಿ 12 ಕಂಬ, ಪ್ರತಿ ಕಂಬಕ್ಕೆ ಒಂದು 250 ವ್ಯಾಟ್ ಸೋಡಿಯಂ ವೇಪರ್ ಲ್ಯಾಂಪ್, ಅದೇ ಹಳದಿ ಬೆಳಕಿಂದು. ಅದರ ಮೇಂಟೆನೆನ್ಸ್ ಕೆಲವು ವರ್ಷ ನನ್ನ ಕೈಲಿತ್ತು. ಒಂದಿನ ಸಂಜೆ ನನ್ನ ಜೊತೆಗಿದ್ದ ಹುಡುಗ ಟಾಂಗ್ ಟೆಸ್ಟರ್ (ವೈರಿನ ಸುತ್ತ ಇಕ್ಕಳದ ಹಾಗೆ ಹಾಕಿ ಆಂಪ್ ನೋಡೋ ಮೀಟರ್) ಹಿಡ್ಕೊಂಡು ಕಂಬದ ಬುಡದ ಡಬ್ಬಿ ತೆಗೆದು ಫೇಸ್ ವೈರಿಗೆ ಹಾಕಿ ನೋಡ್ತಿದ್ದ. ಚೆನ್ನಾಗಿ ಉರೀತಿರೋ ಲೈಟಿಗೆ 1.3 ಆಂಪ್ ಬಂತು. ಪಕ್ಕದ ಕಂಬದ ಲೈಟ್ ಹತ್ತೇ ಇರಲಿಲ್ಲ, ಬಲ್ಬ್ ಪೂರ್ತಿ ಸತ್ತಿತ್ತು, ಅಲ್ಲಿ 2.4 ಆಂಪ್. "ಅಣ್ಣಾ, ಮೀಟ್ರು ಕೆಟ್ಟೈತಿ ನೋಡು, ಉರಿಯೋದಕ್ಕಿಂತ ಆರಿದ್ದೇ ಜಾಸ್ತಿ ತಿಂತೈತಿ" ಅಂದ.

ಮೀಟರ್ ಕೆಟ್ಟಿರಲಿಲ್ಲ. ಅವತ್ತು ಆ ಎರಡು ನಂಬರ್ ಯಾಕೆ ಹಂಗೆ ಬಂತು ಅಂತ ಅರ್ಥ ಆದ್ರೆ ಈ ವಿಷಯ ಅರ್ಧ ಅರ್ಥ ಆದ ಹಾಗೆ, ಅದಕ್ಕೇ ಅಲ್ಲಿಂದ ಶುರು ಮಾಡಿದೆ. ಸೋಡಿಯಂ ಲ್ಯಾಂಪ್ ವಿಷಯದಲ್ಲಿ ಆಂಪ್ ನೋಡಿ ವ್ಯಾಟ್ ಹೇಳೋಕೆ ಹೋದವರು ಹೆಚ್ಚುಕಡಿಮೆ ಎಲ್ಲರೂ ಉಲ್ಟಾ ಹೇಳ್ತಾರೆ. ಲ್ಯಾಂಪ್ ಹಳೇದಾದ ಹಾಗೆ ಅದರೊಳಗೆ ಹರಿಯೋ ಆಂಪ್ ಕಮ್ಮಿ ಆಗುತ್ತೆ, ಆದ್ರೆ ವ್ಯಾಟ್ ಜಾಸ್ತಿ ಆಗುತ್ತೆ. ಬಿಲ್ ಬರೋದು ವ್ಯಾಟಿಗೆ.

ಮೊದಲು, ನಿಮ್ಮ ಹತ್ರ ಇರೋದು ಯಾವ ಲ್ಯಾಂಪ್ ನೋಡ್ಕೊಳ್ಳಿ

ನಮ್ಮ ಕಡೆ ಸೋಡಿಯಂ ಅಂದ್ರೆ ಹೆಚ್ಚುಕಡಿಮೆ ಎಲ್ಲಾ ಹೈ ಪ್ರೆಶರ್ ಸೋಡಿಯಂ. ಗಾಜಿನ ಬಲ್ಬ್ ಒಳಗೆ ಬೆರಳಿನಷ್ಟು ಉದ್ದದ ಹಾಲಿನ ಬಣ್ಣದ ಸಣ್ಣ ಕೊಳವೆ ಕಾಣುತ್ತೆ, ಅದು ಗಾಜಲ್ಲ, ಅಲ್ಯೂಮಿನಾ ಸೆರಾಮಿಕ್. ಬಿಸಿ ಸೋಡಿಯಂ ಮಾಮೂಲಿ ಗಾಜನ್ನ ತಿಂದು ಹಾಕುತ್ತೆ, ಅದಕ್ಕೆ ಈ ಸೆರಾಮಿಕ್ ಬರೋ ತನಕ, ಅಂದ್ರೆ 1960ರ ದಶಕದ ತನಕ, ಈ ಲ್ಯಾಂಪ್ ಮಾರ್ಕೆಟ್ಟಿಗೆ ಬರೋಕಾಗಲಿಲ್ಲ. 70, 150, 250, 400 ವ್ಯಾಟ್ ಸಾಮಾನ್ಯ ಸೈಜುಗಳು.

ಲೋ ಪ್ರೆಶರ್ ಸೋಡಿಯಂ ಬೇರೆ ಜಾತಿ, ಉದ್ದಕ್ಕೆ ಯು ಆಕಾರದ ಟ್ಯೂಬ್, ಪೂರ್ತಿ ಒಂದೇ ಹಳದಿ, ಕೆಂಪು ಅಂಗಿ ಹಾಕಿದ್ರೂ ಕಂದು-ಕಪ್ಪು ಕಾಣುತ್ತೆ. ಬ್ರಿಟನ್ ರಸ್ತೆಗಳಲ್ಲಿ ತುಂಬಾ ಇತ್ತು, ಅಮೆರಿಕದ ಸ್ಯಾನ್ ಹೋಸೆ ಊರಲ್ಲಿ ಪಕ್ಕದ ಬೆಟ್ಟದ ಲಿಕ್ ವೀಕ್ಷಣಾಲಯದವರಿಗೆ ತೊಂದರೆ ಆಗಬಾರದು ಅಂತ ಬೀದಿದೀಪಕ್ಕೆ ಇದನ್ನೇ ಹಾಕಿದ್ರು, ಬೆಳಕೆಲ್ಲಾ 589 ನ್ಯಾನೋಮೀಟರ್ ಆಸುಪಾಸಲ್ಲೇ ಇರೋದ್ರಿಂದ ಫಿಲ್ಟರ್ ಮಾಡೋದು ಸುಲಭ. ಅದಕ್ಕೂ ವಯಸ್ಸಾದ ಹಾಗೆ ವ್ಯಾಟ್ ಏರುತ್ತೆ, ಮಜಾ ಅಂದ್ರೆ ಬೆಳಕು ಮಾತ್ರ ಕೊನೇ ತನಕ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ನಮಗೆ ಅದು ಸಿಗೋದೇ ಅಪರೂಪ, ಇಲ್ಲಿಗೆ ಬಿಡ್ತೀನಿ.

ಮರ್ಕ್ಯುರಿ ವೇಪರ್, ಅಂದ್ರೆ ಹಳೇ ನೀಲಿ-ಬಿಳಿ ಬಲ್ಬ್ ಇದ್ರೆ ಈ ಲೇಖನ ಅದಕ್ಕೆ ಅನ್ವಯಿಸಲ್ಲ. ಅದರಲ್ಲಿ ಹಾಕಿರೋ ಪಾದರಸ ಅಷ್ಟೂ ಆವಿ ಆಗಿಬಿಡುತ್ತೆ, ಅದಕ್ಕೆ ಮುಂದೆ ಹೇಳೋ ವೋಲ್ಟೇಜ್ ಏರೋ ಆಟ ಇಲ್ಲ. ವ್ಯಾಟ್ ಅಲ್ಲೇ ನಿಲ್ಲುತ್ತೆ, ಬೆಳಕು ಮಾತ್ರ ಕುಗ್ಗುತ್ತಾ ಹೋಗುತ್ತೆ.

ಹಳೇದಾದಾಗ ಒಳಗೆ ಏನಾಗುತ್ತೆ

ಸೋಡಿಯಂ ಲ್ಯಾಂಪ್ ಒಳಗೆ ಸೋಡಿಯಂ ಮತ್ತು ಪಾದರಸ ಸೇರಿದ ಅಮಾಲ್ಗಮ್ ಬೇಕಾದ್ದಕ್ಕಿಂತ ಜಾಸ್ತಿನೇ ಹಾಕಿರ್ತಾರೆ. ಉರಿಯುವಾಗ ಅದರಲ್ಲಿ ಒಂದಿಷ್ಟು ಮಾತ್ರ ಆವಿ, ಉಳಿದದ್ದು ಕೊಳವೆ ತುದಿಯಲ್ಲಿ, ಎಲ್ಲಕ್ಕಿಂತ ತಣ್ಣಗಿರೋ ಜಾಗದಲ್ಲಿ ಹನಿಯಾಗಿ ಕೂತಿರುತ್ತೆ. ಎಷ್ಟು ಆವಿ ಆಗಬೇಕು ಅಂತ ಡಿಸೈಡ್ ಮಾಡೋದು ಆ ತುದಿಯ ಬಿಸಿ. ಸಾಂಬಾರ್ ಪಾತ್ರೆ ಕೆಳಗೆ ಉರಿ ಏರಿಸಿದ್ರೆ ಹಬೆ ಜಾಸ್ತಿ ಆದ ಹಾಗೆ.

ಸಾವಿರಾರು ಗಂಟೆ ಉರಿದ ಮೇಲೆ ಎಲೆಕ್ಟ್ರೋಡ್‌ನಿಂದ, ಅಂದ್ರೆ ಕೊಳವೆ ಒಳಗೆ ಕರೆಂಟ್ ಬಿಡೋ ಲೋಹದ ತುದಿಯಿಂದ, ಹಾರಿದ ವಸ್ತು ಕೊಳವೆಯ ಎರಡೂ ತುದಿಗೆ ಕರ್ರಗೆ ಮೆತ್ತಿಕೊಳ್ಳುತ್ತೆ. ಕಪ್ಪು ಬಿಸಿ ಹೀರುತ್ತೆ, ತುದಿ ಇನ್ನೂ ಕಾಯುತ್ತೆ, ಅಮಾಲ್ಗಮ್ ಇನ್ನೂ ಜಾಸ್ತಿ ಆವಿ ಆಗುತ್ತೆ, ಒತ್ತಡ ಏರುತ್ತೆ, ಲ್ಯಾಂಪಿನ ಎರಡು ತುದಿ ನಡುವಿನ ವೋಲ್ಟೇಜ್ ಏರುತ್ತೆ. ಇದರ ಜೊತೆಗೆ ಸೋಡಿಯಂ ನಿಧಾನಕ್ಕೆ ಕೊಳವೆ ಗೋಡೆ ಜೊತೆ, ಎಲೆಕ್ಟ್ರೋಡಿನ ಲೇಪನದ ಜೊತೆ ರಿಯಾಕ್ಟ್ ಆಗಿ ಖಾಲಿಯಾಗ್ತಾ ಬರುತ್ತೆ, ಉಳಿದ ಮಿಶ್ರಣದಲ್ಲಿ ಪಾದರಸದ ಪಾಲು ಹೆಚ್ಚಾಗುತ್ತೆ, ಅದೂ ವೋಲ್ಟೇಜನ್ನೇ ಏರಿಸುತ್ತೆ. ಎರಡೂ ಕೈ ಸೇರಿಸಿ ಒಂದೇ ಕಡೆ ನೂಕ್ತಾವೆ. ಸಾಮಾನ್ಯವಾಗಿ ಪ್ರತಿ 1000 ಗಂಟೆಗೆ 1ರಿಂದ 5 ವೋಲ್ಟ್ ತನಕ ಏರಿಕೆ ಅಂತ ಲೆಕ್ಕ ಇಟ್ಕೊಳ್ತಾರೆ.

ಈಗ ಲೆಕ್ಕ, ಹೆದರಬೇಡಿ

250 ವ್ಯಾಟ್ ಲ್ಯಾಂಪ್ ಹೊಸದಿದ್ದಾಗ ಅದರ ಮೇಲೆ ಸುಮಾರು 100 ವೋಲ್ಟ್, ಒಳಗೆ 3 ಆಂಪ್. 100 ಗುಣಿಸು 3 ಅಂದ್ರೆ 300 ಆಗಬೇಕಲ್ಲ ಅಂತ ಕೇಳ್ತೀರ, ಆದ್ರೆ ಆರ್ಕಿನ, ಅಂದ್ರೆ ಕೊಳವೆಯೊಳಗೆ ಉರಿಯೋ ಕಿಡಿಯ, ವೋಲ್ಟೇಜ್ ಅಲೆ ಚೌಕಾಕಾರ ಇರುತ್ತೆ, ಅದಕ್ಕೆ ಸುಮಾರು 0.83 ಫ್ಯಾಕ್ಟರ್ ಹಾಕಿದ್ರೆ 250 ಬರುತ್ತೆ. ಉಳಿದ ವೋಲ್ಟೇಜ್ ಹೊರೋದು ಚೋಕ್, ಅಂದ್ರೆ ಲ್ಯಾಂಪಿನ ಆಂಪ್ ಮಿತಿ ಮೀರದ ಹಾಗೆ ತಡೆಯೋ ತಂತಿ ಸುರುಳಿ. ಚೋಕ್ ತಾನೇ ಬಿಸಿಯಾಗಿ ಇನ್ನೊಂದು 25 ವ್ಯಾಟ್ ತಿನ್ನುತ್ತೆ ಅಂತ ಇಟ್ಕೊಳ್ಳಿ, ಫಿಟ್ಟಿಂಗ್, ಅಂದ್ರೆ ಬಲ್ಬ್ ಚೋಕ್ ಎಲ್ಲಾ ಸೇರಿ, ಒಟ್ಟು 275.

ಲ್ಯಾಂಪ್ ವೋಲ್ಟೇಜ್ 100 ಇದ್ದದ್ದು 120 ಆಯ್ತು ಅಂತ ಇಟ್ಕೊಳ್ಳಿ. ಸಪ್ಲೈ ಅದೇ 230, ಹಾಗಾಗಿ ಚೋಕಿನ ಪಾಲಿಗೆ ಬರೋದು ಕಮ್ಮಿ ಆಯ್ತು, ಆಂಪ್ ಇಳೀತು. ಆದ್ರೆ ಚೋಕ್ ವೋಲ್ಟೇಜ್ ಮತ್ತು ಲ್ಯಾಂಪ್ ವೋಲ್ಟೇಜ್ ನೇರ ಕೂಡೋಲ್ಲ, ಲಂಬಕೋನದಲ್ಲಿ ಕೂಡ್ತವೆ, ಶಾಲೆಯಲ್ಲಿ ಮಾಡಿದ ಪೈಥಾಗೊರಸ್ ಇಲ್ಲಿ ಕೆಲಸಕ್ಕೆ ಬರುತ್ತೆ. ಹೊಸ ಲ್ಯಾಂಪಲ್ಲಿ ಚೋಕ್ ಮೇಲೆ 207 ವೋಲ್ಟ್, ಹಳೇದರಲ್ಲಿ 196. ಅಂದ್ರೆ ಲ್ಯಾಂಪ್ ವೋಲ್ಟೇಜ್ ನೂರಕ್ಕೆ 20 ಏರಿದ್ರೂ ಆಂಪ್ ಇಳಿಯೋದು ನೂರಕ್ಕೆ 5 ಮಾತ್ರ, 3ರಿಂದ 2.84ಕ್ಕೆ. ಏರಿದ್ದು 20, ಇಳಿದದ್ದು 5, ಗುಣಿಸಿದ್ರೆ ವ್ಯಾಟ್ ಸುಮಾರು 14 ಪರ್ಸೆಂಟ್ ಮೇಲೆ, ಲ್ಯಾಂಪ್ ಒಂದೇ 284 ವ್ಯಾಟ್ ಹತ್ರ. ಚೋಕ್ ಲಾಸ್ ಆಂಪ್ ಕಮ್ಮಿ ಆಗಿದ್ದಕ್ಕೆ 22ಕ್ಕೆ ಇಳಿಯುತ್ತೆ, ಒಟ್ಟು 306. 140 ವೋಲ್ಟಿಗೆ ಇದೇ ಲೆಕ್ಕ ಹಾಕಿದ್ರೆ ಲ್ಯಾಂಪ್ 300 ದಾಟುತ್ತೆ. ನಿಜ ಲ್ಯಾಂಪಲ್ಲಿ ಅಲೆ ಆಕಾರ ಇನ್ನೂ ಕೆಡೋದ್ರಿಂದ ಇದಕ್ಕಿಂತ ಸ್ವಲ್ಪ ಕಮ್ಮಿನೇ ಬರುತ್ತೆ, ಇದನ್ನ ಮೇಲಿನ ಮಿತಿ ಅಂತ ತಗೊಳ್ಳಿ.

275ರಿಂದ 306 ಅಂದ್ರೆ 31 ವ್ಯಾಟ್. ದಿನಕ್ಕೆ 12 ಗಂಟೆ, ತಿಂಗಳಿಗೆ ಒಂದು ಲ್ಯಾಂಪಿಗೆ 11 ಯೂನಿಟ್, ನಮ್ಮ ಅಂಗಳದ 12 ಕಂಬಕ್ಕೆ 134 ಯೂನಿಟ್. ನಿಮ್ಮ ಬಿಲ್ಲಲ್ಲಿರೋ ರೇಟಿಂದ ನೀವೇ ಗುಣಿಸಿಕೊಳ್ಳಿ. ಇದಕ್ಕೆ ಬದಲಾಗಿ ಜಾಸ್ತಿ ಬೆಳಕು ಸಿಗುತ್ತಾ, ಇಲ್ಲ, ಹಳೇ ಲ್ಯಾಂಪ್ ಬೆಳಕು ಕೊನೆಗೆ ಹೊಸದರ ನೂರಕ್ಕೆ 80ರ ಆಸುಪಾಸಿಗೆ ಬಂದಿರುತ್ತೆ. ಹೊಸ 250 ವ್ಯಾಟ್ ಲ್ಯಾಂಪ್ 28,000 ಲ್ಯೂಮೆನ್ (ಬೆಳಕಿನ ಅಳತೆ) ಹತ್ರ ಕೊಡುತ್ತೆ, 275 ವ್ಯಾಟಿಗೆ ಭಾಗಿಸಿದ್ರೆ ವ್ಯಾಟಿಗೆ ಸುಮಾರು 100 ಲ್ಯೂಮೆನ್. ಹಳೇದಕ್ಕೆ ಹಂಗೇ ಮಾಡಿದ್ರೆ 73.

ಅಳೆಯೋದು: ಸಬ್ ಮೀಟರ್ ಮತ್ತು ಮೊಬೈಲ್ ಸ್ಟಾಪ್‌ವಾಚ್

ಅಂಗಡಿಯಲ್ಲಿ ಸಿಗೋ ಸಿಂಗಲ್ ಫೇಸ್ ಸಬ್ ಮೀಟರ್, ಬಾಡಿಗೆ ಮನೆಗೆ ಹಾಕ್ತಾರಲ್ಲ ಅದೇ, ಒಂದು ಹಲಗೆಗೆ ಎಂಸಿಬಿ (ಓವರ್‌ಲೋಡ್ ಆದ್ರೆ ತಾನೇ ಬೀಳೋ ಸ್ವಿಚ್) ಜೊತೆ ಫಿಕ್ಸ್ ಮಾಡಿ ಇಟ್ಕೊಳ್ಳಿ. ನಿಜವಾದ ವ್ಯಾಟ್ ಮೀಟರ್ ಇದ್ರೆ ಇನ್ನೂ ಒಳ್ಳೇದು, ಆದ್ರೆ ಎಲ್ಲರ ಹತ್ರ ಇರಲ್ಲ. ಸಬ್ ಮೀಟರ್ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಪಲ್ಸ್ ಅಂತ ಬರೆದಿರುತ್ತೆ, ತುಂಬಾ ಮೀಟರಲ್ಲಿ 3200. ಆ ಕೆಂಪು ಎಲ್ಇಡಿ ಮಿಣುಕೋದೇ ನಿಮ್ಮ ವ್ಯಾಟ್ ಮೀಟರ್.

ಒಂದು ಫಿಟ್ಟಿಂಗನ್ನ ಮೇನ್ ಆಫ್ ಮಾಡಿ ಈ ಮೀಟರ್ ಮೂಲಕ ಕನೆಕ್ಟ್ ಮಾಡಿ, ಆನ್ ಮಾಡಿ, 15 ನಿಮಿಷ ಸುಮ್ನೆ ಬಿಡಿ. ಈ 15 ನಿಮಿಷ ತಪ್ಪಿಸಬೇಡಿ, ತಣ್ಣಗಿನ ಲ್ಯಾಂಪಿನ ವೋಲ್ಟೇಜ್ ತೀರಾ ಕಮ್ಮಿ ಇರುತ್ತೆ, ಆಂಪ್ ಜಾಸ್ತಿ ಇರುತ್ತೆ, ಆ ರೀಡಿಂಗ್ ಯಾವುದಕ್ಕೂ ಬರಲ್ಲ. ಆಮೇಲೆ ಎಲ್ಇಡಿ ಮಿಣುಕಿದ ಕ್ಷಣಕ್ಕೆ ಸ್ಟಾಪ್‌ವಾಚ್ ಒತ್ತಿ ಮನಸ್ಸಲ್ಲಿ "ಸೊನ್ನೆ" ಅನ್ನಿ, ಒಂದು ಅಲ್ಲ, ಎಲ್ಲರೂ ಎಡವೋದು ಇಲ್ಲೇ. 20ನೇ ಮಿಣುಕಿಗೆ ನಿಲ್ಲಿಸಿ. 3200ರ ಮೀಟರ್ ಆದ್ರೆ 22,500ನ್ನ ಸೆಕೆಂಡಿಂದ ಭಾಗಿಸಿ, ಬಂದದ್ದೇ ವ್ಯಾಟ್. 82 ಸೆಕೆಂಡ್ ಆದ್ರೆ 274, 73 ಸೆಕೆಂಡ್ ಆದ್ರೆ 308. ಬೇರೆ ಪಲ್ಸ್ ಇದ್ರೆ 36,00,000ನ್ನ ಆ ಪಲ್ಸ್ ನಂಬರಿಂದ ಭಾಗಿಸಿ, 20ರಿಂದ ಗುಣಿಸಿ, ಸೆಕೆಂಡಿಂದ ಭಾಗಿಸಿ. ಎರಡು ಮೂರು ಸಲ ಮಾಡಿ ನೋಡಿ, ಒಂದೆರಡು ಸೆಕೆಂಡ್ ಆಚೀಚೆ ಆಗುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಅದೇ ಹೊತ್ತಿಗೆ ಸಪ್ಲೈ ವೋಲ್ಟೇಜ್ ಎಷ್ಟಿತ್ತು ಅಂತ ಮೀಟರಿಂದ ನೋಡಿ ಪಕ್ಕದಲ್ಲಿ ಬರೆದಿಡಿ. ಚೋಕ್ ಮೇಲೆ ಉರಿಯೋ ಸೋಡಿಯಂ ಲ್ಯಾಂಪಿಗೆ ಸಪ್ಲೈ 5 ಪರ್ಸೆಂಟ್ ಏರಿದ್ರೆ ಲ್ಯಾಂಪ್ ವ್ಯಾಟ್ 12 ಪರ್ಸೆಂಟ್ ತನಕ ಏರುತ್ತೆ. ಅಂದ್ರೆ ಸಂಜೆ 7ಕ್ಕೆ 230 ಇದ್ದದ್ದು ರಾತ್ರಿ ಎಲ್ಲರೂ ಮಲಗಿ ಲೋಡ್ ಇಳಿದ ಮೇಲೆ 242 ಆಯ್ತು ಅಂತಂದ್ರೆ ಹೊಚ್ಚ ಹೊಸ ಲ್ಯಾಂಪಿನ ಫಿಟ್ಟಿಂಗೂ ಮೀಟರಲ್ಲಿ 300ರ ಆಸುಪಾಸು ತೋರಿಸುತ್ತೆ, ನೀವು ಅದನ್ನ ಮುದುಕ ಅಂತ ಕಿತ್ತು ಬಿಸಾಕ್ತೀರ. ಒಂದು ಸಲ ನಾನೇ ಹಂಗೆ ಮಾಡಿದ್ದೆ, ಎರಡು ಒಳ್ಳೇ ಬಲ್ಬ್ ಸುಮ್ನೆ ಬದಲಾಯಿಸಿದೆ, ಮಾರನೇ ದಿನ ಸಂಜೆ ಅಳೆದಾಗ ಹೊಸದೂ ಹಳೇದೂ ಒಂದೇ.

ಇನ್ನೊಂದು ಮುಖ್ಯ ಮಾತು. ಮಲ್ಟಿಮೀಟರ್ ಪ್ರೋಬ್ ತಗೊಂಡು ನೇರ ಹೋಲ್ಡರ್ ಮೇಲೆ ಲ್ಯಾಂಪ್ ವೋಲ್ಟೇಜ್ ನೋಡೋಕೆ ಹೋಗಬೇಡಿ. ಇಗ್ನೈಟರ್ ಇದೆಯಲ್ಲ, ಅದು 250 ವ್ಯಾಟ್ ಲ್ಯಾಂಪ್ ಹತ್ತಿಸೋಕೆ 3000ದಿಂದ 4500 ವೋಲ್ಟ್ ತನಕ ಪಲ್ಸ್ ಹೊಡೆಯುತ್ತೆ. ಲ್ಯಾಂಪ್ ಉರೀತಿರುವಾಗ ಸುಮ್ನಿರುತ್ತೆ ನಿಜ, ಆದ್ರೆ ನೀವು ಪ್ರೋಬ್ ಇಟ್ಟಾಗಲೇ ಲ್ಯಾಂಪ್ ಆರಿದ್ರೆ ಮತ್ತೆ ಶುರು, ಮೀಟರ್ ಸುಡುತ್ತೆ, ಕೈ ಗತಿ ದೇವರೇ. ನಮಗೆ ಬೇಕಾಗಿರೋದು ವ್ಯಾಟ್, ಅದು ಸಪ್ಲೈ ಕಡೆಯಿಂದಲೇ ಸಿಗುತ್ತೆ. ಕಂಬ ಹತ್ತೋ ಕೆಲಸ, ವೈರಿಂಗ್ ಬಿಚ್ಚೋ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಬೀದಿ ಕಂಬದ ಲೈಟ್ ಆದ್ರೆ ಮುಟ್ಟಲೇಬೇಡಿ, ಅದು ನಿಮ್ಮದಲ್ಲ.

ಬಲ್ಬಿನ ತಪ್ಪೋ, ಬೇರೆಯವರ ತಪ್ಪೋ

ಇಲ್ಲಿ ಮೊದಲಿನ ಹುಡುಗನ ಪ್ರಶ್ನೆಗೆ ಉತ್ತರ ಕೊಟ್ಟುಬಿಡ್ತೀನಿ. ಫಿಟ್ಟಿಂಗ್ ಒಳಗೆ ಸಪ್ಲೈಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಇರುತ್ತೆ, ನಮ್ಮವರು ಕಂಡೆನ್ಸರ್ ಅಂತಾರೆ, 250 ವ್ಯಾಟಿಗೆ ಸುಮಾರು 33 ಮೈಕ್ರೋಫ್ಯಾರಡ್. 230 ವೋಲ್ಟಿಗೆ ಅದೊಂದೇ 2.4 ಆಂಪ್ ಎಳೆಯುತ್ತೆ, ಆದ್ರೆ ಎಳೆದದ್ದನ್ನ ಪ್ರತಿ ಸೈಕಲ್ಲಲ್ಲೂ ವಾಪಸ್ ಕೊಟ್ಟುಬಿಡುತ್ತೆ, ವ್ಯಾಟ್ ಹೆಚ್ಚುಕಡಿಮೆ ಸೊನ್ನೆ. ಚೋಕ್ ಎಳೆಯೋ ಆಂಪ್ ಇದಕ್ಕೆ ಉಲ್ಟಾ ದಿಕ್ಕಿಂದು, ಎರಡೂ ಒಂದನ್ನೊಂದು ಹೊಡೆದು ಹಾಕ್ತವೆ. ಅದಕ್ಕೇ ಉರೀತಿರೋ ಲೈಟಲ್ಲಿ 1.3, ಸತ್ತ ಲೈಟಲ್ಲಿ ಚೋಕ್ ಇಲ್ಲದೆ ಒಂಟಿ ಕೆಪಾಸಿಟರ್, 2.4. ಆ ಸತ್ತ ಕಂಬಕ್ಕೆ ಸಬ್ ಮೀಟರ್ ಹಾಕಿ ಹುಡುಗನಿಗೆ ತೋರಿಸಿದೆ, ಬೀಡಿ ಸೇದಿ ಮುಗಿಸೋ ತನಕ ಕಾದ್ರೂ ಎಲ್ಇಡಿ ಒಂದು ಸಲನೂ ಮಿಣುಕಲಿಲ್ಲ.

ಹಾಗಾಗಿ ಟಾಂಗ್ ಟೆಸ್ಟರನ್ನ ಬಿಸಾಕಬೇಕಿಲ್ಲ, ಅದನ್ನ ಕೆಪಾಸಿಟರ್ ಚೆಕ್ ಮಾಡೋಕೆ ಇಟ್ಕೊಳ್ಳಿ. ಲೈಟ್ ಉರಿಯುವಾಗ 1.2ರಿಂದ 1.4 ಒಳಗೆ ಬಂದ್ರೆ ಸರಿ ಇದೆ, 3 ಆಂಪ್ ಹತ್ರ ಬಂದ್ರೆ ಕೆಪಾಸಿಟರ್ ಹೋಗಿದೆ, ನಡುವೆ 2 ಅಂತ ಬಂದ್ರೆ ಅರ್ಧ ಜೀವ. ಕೆಪಾಸಿಟರ್ ಹೋದ್ರೆ ಲ್ಯಾಂಪಿನ ವ್ಯಾಟ್ ಬದಲಾಗಲ್ಲ, ಯೂನಿಟ್ ಬಿಲ್ ಏರಲ್ಲ, ಆದ್ರೆ ಕೇಬಲ್ ಸುಮ್ನೆ ಕಾಯುತ್ತೆ, ಪವರ್ ಫ್ಯಾಕ್ಟರ್ (ಎಳೆದ ಆಂಪಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ನೋಡಿ ದಂಡ ಹಾಕೋ ಕನೆಕ್ಷನ್ ಆದ್ರೆ ಅಲ್ಲಿ ಏಟು ಬೀಳುತ್ತೆ. ಕೆಪಾಸಿಟರ್ ಮುಟ್ಟೋ ಮುಂಚೆ ಸಪ್ಲೈ ಆಫ್ ಮಾಡಿ ಡಿಸ್ಚಾರ್ಜ್ ಆಗೋಕೆ ಬಿಡಿ, ಅದು ಆಫ್ ಆದ ಮೇಲೂ ಕಚ್ಚುತ್ತೆ.

ವ್ಯಾಟ್ ಜಾಸ್ತಿ ಬಂತು ಅಂದ್ರೆ ಬಲ್ಬ್ ಮೇಲೆ ಗೂಬೆ ಕೂರಿಸೋ ಮುಂಚೆ ಇನ್ನೆರಡು ನೋಡಿ. ಒಂದು ಚೋಕಿನ ಟ್ಯಾಪ್. ಕೆಲವು ಚೋಕಲ್ಲಿ 220, 240 ಅಂತ ಬೇರೆ ಬೇರೆ ಟರ್ಮಿನಲ್ ಇರುತ್ತೆ, ನಿಮ್ಮ ಕಡೆ ರಾತ್ರಿಯೆಲ್ಲಾ 240ರ ಮೇಲೆ ಬರ್ತಿದ್ದು ವೈರ್ 220ರಲ್ಲಿ ಹಾಕಿದ್ರೆ ಲ್ಯಾಂಪ್ ದಿನಾ ಓವರ್‌ಲೋಡಲ್ಲಿ ಉರೀತಿರುತ್ತೆ, ಬೇಗ ವಯಸ್ಸಾಗುತ್ತೆ. ಎರಡು, ಫಿಟ್ಟಿಂಗ್ ಗಾಜು. ಮಿಲ್ಲಲ್ಲಿ ತೌಡಿನ ಧೂಳು, ಮಳೆಗಾಲದಲ್ಲಿ ಹುಳ, ಗಾಜಿನ ಮೇಲೆ ಪದರ ಕಟ್ಟಿ ಬಿಸಿ ಒಳಗೇ ಉಳಿಯುತ್ತೆ, ಕೊಳವೆ ತುದಿ ಇನ್ನಷ್ಟು ಕಾಯುತ್ತೆ, ವೋಲ್ಟೇಜ್ ಏರುತ್ತೆ, ಮೇಲೆ ಹೇಳಿದ ಅದೇ ಕತೆ. ನಮ್ಮಲ್ಲಿ ಒಂದು ಫಿಟ್ಟಿಂಗ್ ಬಿಚ್ಚಿದಾಗ ತಳದಲ್ಲಿ ಮುಷ್ಟಿ ತುಂಬ ಒಣ ಈಸುಳ್ಳಿ ರೆಕ್ಕೆ ಸಿಕ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ತಣ್ಣಗಾದ ಮೇಲೆ ಮಾತ್ರ.

ಅದಾದ ಮೇಲೆ ಫೈನಲ್ ಟೆಸ್ಟ್: ಅದೇ ಫಿಟ್ಟಿಂಗ್, ಅದೇ ರಾತ್ರಿ, ಹಳೇದು ತೆಗೆದು ಹೊಸ ಬಲ್ಬ್ ಹಾಕಿ ಮತ್ತೆ 20 ಮಿಣುಕು ಎಣಿಸಿ. ವ್ಯತ್ಯಾಸ ಬಂದ್ರೆ ಅದು ಬಲ್ಬಿಂದೇ. ಡಬ್ಬಿಯಿಂದ ತೆಗೆದ ಬಲ್ಬ್ ಮೊದಲ 100 ಗಂಟೆ ಇನ್ನೂ ಸೆಟ್ ಆಗ್ತಿರುತ್ತೆ, ಅದಕ್ಕೆ ಒಂದು ಬಲ್ಬನ್ನ ಎಂಟತ್ತು ರಾತ್ರಿ ಉರಿಸಿ ಪಕ್ಕಕ್ಕಿಟ್ಟು ಅದನ್ನೇ ಯಾವಾಗಲೂ ಟೆಸ್ಟಿಗೆ ಬಳಸಿ. ನಾವು ಅದಕ್ಕೆ "ಮೇಷ್ಟ್ರು ಬಲ್ಬ್" ಅಂತ ಹೆಸರಿಟ್ಟಿದ್ವಿ.

ಹತ್ತಿ ಆರಿ, ಹತ್ತಿ ಆರಿ ಆಗೋ ಲೈಟ್

ವೋಲ್ಟೇಜ್ ಏರ್ತಾ ಏರ್ತಾ ಒಂದು ಹಂತಕ್ಕೆ ಬರುತ್ತೆ, ಅಲ್ಲಿ ಸಪ್ಲೈ ಮತ್ತು ಚೋಕ್ ಸೇರಿ ಆರ್ಕನ್ನ ಹಿಡಿದಿಟ್ಟುಕೊಳ್ಳೋಕೆ ಆಗಲ್ಲ, ಲ್ಯಾಂಪ್ ಪಟ್ ಅಂತ ಆರುತ್ತೆ. ಒಂದೆರಡು ನಿಮಿಷ ತಣ್ಣಗಾಗುತ್ತೆ, ಒಳಗಿನ ಒತ್ತಡ ಇಳಿಯುತ್ತೆ, ಇಗ್ನೈಟರ್ ಮತ್ತೆ ಹತ್ತಿಸುತ್ತೆ, ಕೆಂಪಗೆ ಶುರುವಾಗಿ ಹಳದಿಗೆ ಬಂದು ಜೋರಾಗಿ ಉರಿದು ಮತ್ತೆ ಆರುತ್ತೆ. ಬೆಳಗಿನ ತನಕ ಇದೇ ಆಟ. ನೀವೂ ರಸ್ತೆಯಲ್ಲಿ ನೋಡಿರ್ತೀರ, ನೀವು ಕೆಳಗೆ ಬಂದಾಗಲೇ ಆರುತ್ತೆ ಅಂತ ಕೆಲವರು ದೆವ್ವದ ಕತೆನೂ ಕಟ್ಟಿರ್ತಾರೆ.

ಈ ಹಂತದಲ್ಲಿ ಸರಾಸರಿ ವ್ಯಾಟ್ ಕಮ್ಮಿನೇ ಬರುತ್ತೆ, ಯಾಕಂದ್ರೆ ಅರ್ಧ ಹೊತ್ತು ಲೈಟೇ ಇರಲ್ಲ. ಅದನ್ನ ನೋಡಿ ಉಳಿತಾಯ ಅಂತ ಬಿಡಬೇಡಿ. ಪ್ರತಿ ಸಲ ಆರಿದಾಗಲೂ ಇಗ್ನೈಟರ್ ಸಾವಿರಾರು ವೋಲ್ಟ್ ಹೊಡೀತಾ ಇರುತ್ತೆ, ಚೋಕ್ ಇನ್ಸುಲೇಷನ್ನಿಗೆ, ಹೋಲ್ಡರಿಗೆ, ವೈರಿಗೆ ಎಲ್ಲದಕ್ಕೂ ಏಟು. ಬಲ್ಬ್ ಬೆಲೆ ಉಳಿಸೋಕೆ ಹೋಗಿ ಮೂರೂ ಬದಲಾಯಿಸೋ ಹಾಗಾಗುತ್ತೆ. ಹತ್ತಿ ಆರೋ ಲೈಟ್ ಕಂಡ್ರೆ ಅವತ್ತೇ ಬಲ್ಬ್ ತೆಗೀರಿ, ಸತ್ತ ಬಲ್ಬನ್ನೂ ಹೋಲ್ಡರಲ್ಲಿ ಬಿಡಬೇಡಿ, ಅದೇ ಕಾರಣಕ್ಕೆ.

ಯಾವಾಗ ಬದಲಾಯಿಸೋದು

ನಾನು ಇಟ್ಕೊಂಡಿದ್ದ ರೂಲ್ ಸಿಂಪಲ್, ಮೇಷ್ಟ್ರು ಬಲ್ಬಿಗಿಂತ ವ್ಯಾಟ್ ನೂರಕ್ಕೆ 10 ಜಾಸ್ತಿ ಬಂತು ಅಂದ್ರೆ ಔಟ್. ಬಣ್ಣ ನೋಡಿನೂ ಸ್ವಲ್ಪ ಗೊತ್ತಾಗುತ್ತೆ, ಸೋಡಿಯಂ ಕಮ್ಮಿ ಆದ ಹಾಗೆ ಕೆಲವು ಬಲ್ಬ್ ಗುಲಾಬಿ ಕಡೆಗೆ ತಿರುಗ್ತಾವೆ, ಕೊಳವೆ ತುದಿ ಕರ್ರಗಿರುತ್ತೆ. ದಿನಕ್ಕೆ 12 ಗಂಟೆ ಅಂದ್ರೆ ವರ್ಷಕ್ಕೆ 4,380 ಗಂಟೆ, ಡಬ್ಬಿ ಮೇಲೆ 24,000 ಗಂಟೆ ಅಂತ ಇದ್ರೆ ಐದೂವರೆ ವರ್ಷ ಆಯ್ತು. ನಾನು ಆ ನಂಬರ್ ನಂಬಿ ಕೂರಲ್ಲ, ನಾಲ್ಕನೇ ವರ್ಷದಿಂದ ಅಳೆಯೋಕೆ ಶುರು ಮಾಡಿ.

ಬಲ್ಬ್, ಚೋಕ್ ಎರಡೂ ಹೋಗೋ ಹಂತದಲ್ಲಿದ್ರೆ ಮತ್ತೆ ಸೋಡಿಯಂಗೆ ದುಡ್ಡು ಸುರೀಬೇಡಿ, 250ರ ಜಾಗಕ್ಕೆ ಸಾಮಾನ್ಯವಾಗಿ 100ರಿಂದ 120 ವ್ಯಾಟ್ ಎಲ್ಇಡಿ ಸಾಕಾಗುತ್ತೆ. ಹಳೇ ಫಿಟ್ಟಿಂಗ್ ಹೋಲ್ಡರಿಗೇ ಎಲ್ಇಡಿ ಬಲ್ಬ್ ತಿರುಗಿಸೋರು ಚೋಕ್, ಇಗ್ನೈಟರ್, ಕೆಪಾಸಿಟರ್ ಮೂರನ್ನೂ ಬಿಚ್ಚಿಸಿ ಸಪ್ಲೈ ನೇರ ಕೊಡಿಸಿ. ಇಗ್ನೈಟರ್ ಹಂಗೇ ಬಿಟ್ಟು ಹಾಕಿದ್ರೆ ಅದರ ಮೊದಲ ಪಲ್ಸಿಗೇ ಎಲ್ಇಡಿ ಡ್ರೈವರ್ ಢಮಾರ್.

ತೆಗೆದ ಬಲ್ಬ್ ಒಡೀಬೇಡಿ, ಒಳಗೆ ಪಾದರಸ ಇದೆ. ಪಾದರಸ ಇರೋ ಲ್ಯಾಂಪ್‌ಗಳು 2016ರಲ್ಲೇ ಇ-ತ್ಯಾಜ್ಯ ನಿಯಮದ ಪಟ್ಟಿಗೆ ಸೇರಿದ್ವು, ಗುಜರಿಯವನಿಗೆ ಕೊಟ್ರೆ ಅವನು ತಾಮ್ರ-ಹಿತ್ತಾಳೆಗೋಸ್ಕರ ಅಲ್ಲೇ ಕುಟ್ಟಿ ಒಡೀತಾನೆ. ಹೊಸ ಬಲ್ಬ್ ಬಂದ ರಟ್ಟಿನ ಡಬ್ಬಿಯಲ್ಲೇ ಹಳೇದನ್ನ ಹಾಕಿ, ಡಬ್ಬಿ ಮೇಲೆ ಕಂಬದ ನಂಬರ್ ಮತ್ತು ತೆಗೆದಾಗಿನ ವ್ಯಾಟ್ ಬರೆದು, ಇ-ತ್ಯಾಜ್ಯ ತಗೊಳ್ಳೋರು ಬರೋ ತನಕ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಹೊಸದು ಹಾಕಿದ ತಾರೀಖನ್ನ ಪರ್ಮನೆಂಟ್ ಮಾರ್ಕರಲ್ಲಿ ಕಂಬದ ಡಬ್ಬಿ ಮುಚ್ಚಳದ ಒಳಗಡೆ ಬರೀರಿ, ಹೊರಗೆ ಬರೆದ್ರೆ ಒಂದು ಮಳೆಗಾಲಕ್ಕೆ ಅಳಿಸಿ ಹೋಗುತ್ತೆ.